ಚಂಡೆಗೆ ಸೋತ ಮೈಕು

ನಾನು ಮೊದಲ ಸಲ ಯಕ್ಷಗಾನದ ಆಟ ರೆಕಾರ್ಡ್ ಮಾಡಿದ್ದು ಫೋನಿನಲ್ಲಿ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಬಯಲಾಟ. ಮನೆಗೆ ಬಂದು ಕೇಳಿದರೆ, ಚಂಡೆಗೆ ಪೆಟ್ಟು ಬಿದ್ದಾಗಲೆಲ್ಲ ಪದ ಹಾಡುವ ಭಾಗವತರು ಬಾವಿಗೆ ಬಿದ್ದ ಹಾಗೆ! ಪೆಟ್ಟು ನಿಂತ ಮೇಲೆ ಮೆಲ್ಲಗೆ ಮೇಲೆ ಬರುತ್ತಾರೆ. ಫೋನು ತಾನೇ ದನಿ ಏರಿಸಿ ಇಳಿಸುತ್ತದಲ್ಲ, ಅದರ ಪ್ರತಾಪ.

ಆಮೇಲೆ ಸಣ್ಣ ರೆಕಾರ್ಡರ್ ತಗೊಂಡೆ. ಜೊತೆಗೆ ಕಾಲರಿಗೆ ಸಿಕ್ಕಿಸುವ ಎರಡು ಪುಟ್ಟ ಮೈಕು. ಓಮ್ನಿ ಜಾತಿಯವು, ಅಂದರೆ ಸುತ್ತಲಿನ ಸದ್ದನ್ನೆಲ್ಲ ಒಂದೇ ಸಮ ಹಿಡಿಯುವಂಥವು. ವೇಷ ಕಟ್ಟುವ ಚೌಕಿಗೆ ಹೋಗಿ ಭಾಗವತರ ಒಪ್ಪಿಗೆ ಕೇಳಿ, ನನ್ನ ಟೊಪ್ಪಿಗೆಯ ಎರಡೂ ಬದಿಗೆ ಮೈಕು ಸಿಕ್ಕಿಸಿ ಕೂತೆ. ನಡುವೆ ತಲೆ ಅಡ್ಡ ಇರುವುದರಿಂದ ಎಡ, ಬಲ ಚೆನ್ನಾಗಿ ಬೇರೆಯಾಗುತ್ತದೆ. ಎಡಕ್ಕೆ ಕೂತಿದ್ದ ಅಜ್ಜ, "ತಮಾ, ಟೊಪ್ಪಿಗೆ ವೈರು ಎಂತಕ್ಕೆ?" ಅಂದರು. ತಿರುಗಿ ಉತ್ತರ ಹೇಳಿದೆ. ರೆಕಾರ್ಡಿಂಗಿನಲ್ಲಿ ಆ ಹೊತ್ತಿಗೆ ಇಡೀ ರಂಗಸ್ಥಳ ಬಲಗಿವಿಗೆ ಜಾರಿಬಿಟ್ಟಿದೆ. ಭಾಗವತರಿಗಿಂತ ನನ್ನ ಮಾತೇ ಜೋರು.

ಅದು ಹೋಗಲಿ. ಜೋರಿನ ಏರುಪದಕ್ಕೆ ಚಂಡೆ ಸೇರಿದ ಕೂಡಲೇ ದನಿ ಒಡೆಯುತ್ತಿತ್ತು. ರೆಕಾರ್ಡರಿನ ಮೀಟರ್ ಸೊನ್ನೆ ಮುಟ್ಟಿದರೆ ದನಿ ಒಡೆಯಬೇಕು; ನೋಡಿದರೆ ಮೈನಸ್ 12 ಡಿಬಿ (ಡೆಸಿಬೆಲ್) ದಾಟಿಲ್ಲ. ಗೇನ್, ಅಂದರೆ ರೆಕಾರ್ಡರ್ ದನಿ ಹಿಗ್ಗಿಸುವ ಮಟ್ಟ, ಇಳಿಸಿದೆ. ಸದ್ದು ಸಣ್ಣದಾಯಿತು, ಒಡಕು ಹಾಗೇ ಉಳಿಯಿತು. ಎರಡು ಆಟ ಹೀಗೆ ಹಾಳಾದ ಮೇಲೆ ಹೊಳೆಯಿತು: ಒಡೆಯುತ್ತಿರುವುದು ರೆಕಾರ್ಡರಿನಲ್ಲಲ್ಲ, ಮೈಕಿನಲ್ಲೇ. ಇಂಥ ಮೈಕಿನೊಳಗೆ ಒಂದು ಪುಟ್ಟ ಟ್ರಾನ್ಸಿಸ್ಟರ್ ಇರುತ್ತದೆ. ರೆಕಾರ್ಡರಿನ ಮೈಕ್ ತೂತಿನಿಂದ ಅದಕ್ಕೆ ಸಿಗುವುದು ಎರಡೋ ಮೂರೋ ವೋಲ್ಟು. ಚಂಡೆಯ ಪೆಟ್ಟಿಗೆ ಅದು ಎಲ್ಲಿ ಸಾಕು? ನಡುವೆ 9 ವೋಲ್ಟಿನ ಬ್ಯಾಟರಿ ಡಬ್ಬಿ ಹಾಕಿ, ವೈರನ್ನು ಮೈಕ್ ತೂತಿನ ಬದಲು ಜೋರು ಸಿಗ್ನಲ್ ತಾಳುವ ಲೈನ್ ಇನ್ ತೂತಿಗೆ ಚುಚ್ಚಿದೆ. ಒಡಕು ಮಾಯ. ಅಂದಿನಿಂದ ಮೈಕು ಕೊಳ್ಳುವಾಗ ಎಷ್ಟು ಡಿಬಿ ಸದ್ದನ್ನು ಒಡೆಯದೆ ತಾಳಿಕೊಳ್ಳುತ್ತದೆ ಅನ್ನುವ ಅಂಕಿಯನ್ನೇ ಮೊದಲು ನೋಡುತ್ತೇನೆ. ಹಿಡಿಯುವ ಸ್ವರದ ವ್ಯಾಪ್ತಿ 20 ರಿಂದ 20,000 ಹರ್ಟ್ಸ್ ಅಂತ ಸುಮ್ನೆ ಎಲ್ಲ ಡಬ್ಬಿಯ ಮೇಲೂ ಬರೆದಿರುತ್ತಾರೆ.

ಬಯಲಾಟದಲ್ಲಿ ಓಮ್ನಿಗೆ ಇನ್ನೊಂದು ಕಷ್ಟ. ಹಿಂದೆ ಕೂತು ಕವಳ ಹಾಕುತ್ತ ಹರಟುವವರು, ಶೇಂಗಾ ಪೊಟ್ಟಣ, ಅಳುವ ಮಗು, ಎಲ್ಲ ಬರುತ್ತದೆ. ಅದಕ್ಕೆ ಕಾರ್ಡಿಯಾಯ್ಡ್ ಜೋಡಿ ತಗೊಂಡೆ. ಇದು ಮುಂದಿನದ್ದನ್ನು ಹಿಡಿದು ಬೆನ್ನ ಹಿಂದಿನದ್ದನ್ನು ಕಡಿಮೆ ಮಾಡುತ್ತದೆ. ಫ್ರೆಂಚ್ ರೇಡಿಯೋದವರ ಲೆಕ್ಕದಂತೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನದಲ್ಲಿ ಒಂದು ಪಟ್ಟಿಗೆ ಕಟ್ಟಿ ಸ್ಟ್ಯಾಂಡಿಗೆ ಏರಿಸಿದೆ. ಪದ ಸ್ಪಷ್ಟವಾಯಿತು, ಹರಟೆ ದೂರ ಹೋಯಿತು. ಆದರೆ ಮದ್ದಳೆಯ ದಪ್ಪ ಪೆಟ್ಟು ಬಡವಾಯಿತು. ದೂರದಿಂದ ಹಿಡಿದಾಗ ಕಾರ್ಡಿಯಾಯ್ಡಿಗೆ ಕೆಳಸ್ವರ ಸ್ವಲ್ಪ ಕಮ್ಮಿಯೇ. ಹಾಗಾಗಿ ವೇಷ, ಕುಣಿತ ಇಲ್ಲದ, ಜಗಲಿಯಲ್ಲಿ ಹತ್ತಿರ ಕೂತು ಕೇಳುವ ತಾಳಮದ್ದಳೆಗೆ ನನಗೆ ಈಗಲೂ ಓಮ್ನಿಯೇ ಸೈ. ಅಲ್ಲಿ ಹರಟುವವರೂ ಇರುವುದಿಲ್ಲ ಅಲ್ವಾ.

ಕಾರ್ಡಿಯಾಯ್ಡ್ ಜೋಡಿಯ ಧೈರ್ಯದಲ್ಲಿ ಕಾರವಾರಕ್ಕೆ ಹೋದೆ. ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಹಾಡಿನ ಕಾರ್ಯಕ್ರಮ. ಹೆಡ್‌ಫೋನ್ ಹಾಕಿದರೆ ಹಾಡೇ ಇಲ್ಲ, ಬರೀ ಧಡಧಡ. ಗಾಳಿಗೆ ಓಮ್ನಿಗಿಂತ ಕಾರ್ಡಿಯಾಯ್ಡೇ ಜಾಸ್ತಿ ಬೆದರುತ್ತದೆ. ಸ್ಪಂಜಿನ ಟೊಪ್ಪಿ ಏನೂ ಮಾಡಲಿಲ್ಲ. 80 ಹರ್ಟ್ಸ್ ಕೆಳಗಿನ ದಪ್ಪ ಸದ್ದನ್ನು ಕತ್ತರಿಸಿದರೂ ಗಾಳಿ ಬಡಿತ ಪೂರ್ತಿ ಹೋಗಲಿಲ್ಲ. ಮರುವರ್ಷ ಹಳೇ ಓಮ್ನಿಗಳಿಗೇ ಉದ್ದ ಕೂದಲಿನ ಬಟ್ಟೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೂತೆ. ಮೂರು ಹಾಡು ಚೆಂದ ಬಂತು. ನಾಲ್ಕನೆಯದರ ನಡುವೆ ಎಡಗಡೆಯ ಬಟ್ಟೆ ಕಳಚಿ ಬಿತ್ತು. ನನಗೆ ಗೊತ್ತೇ ಆಗಲಿಲ್ಲ. ಅಲ್ಲಿಂದ ಮುಂದಿನದ್ದನ್ನೆಲ್ಲ ಬಲಗಡೆಯ ಮೈಕಿನಲ್ಲೇ ಕೇಳಬೇಕು.