ಜಿಂಕೆಯ ಕಣ್ಣಿಗೆ ನನ್ನ ಅಂಗಿ

ಮೈಸೂರಿನಿಂದ ಕ್ಯಾಮೆರಾ ಹಿಡಿದು ಕಾಡಂಚಿಗೆ ಹೊರಡುವ ಹೊಸಬರು ನನ್ನನ್ನು ಮೊದಲು ಕೇಳುವುದು ಲೆನ್ಸ್ ಬಗ್ಗೆ ಅಲ್ಲ, ಮಿಲಿಟರಿ ಬಟ್ಟೆ ಎಲ್ಲಿ ಸಿಗುತ್ತದೆ ಎಂದು. ಎಲೆ, ಕಡ್ಡಿ, ಕೊಂಬೆಗಳ ಚಿತ್ತಾರವಿರುವ ಮೇಲಂಗಿಗೆ ಸಾವಿರಾರು ರೂಪಾಯಿ ಸುರಿದು, ಕೆಳಗೆ ಮಾತ್ರ ದಿನವೂ ತೊಡುವ ನೀಲಿ ಜೀನ್ಸನ್ನೇ ಹಾಕಿಕೊಂಡು ಬರುತ್ತಾರೆ. ಜಿಂಕೆಗೆ ಆ ಚಿತ್ತಾರದ ಗೊಡವೆಯೇ ಇಲ್ಲ. ಅದರ ಕಣ್ಣು ಹೋಗಿ ನಿಲ್ಲುವುದು ಜೀನ್ಸ್ ಮೇಲೆ.

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ನಾಗರಹೊಳೆ ಕಾಡಿನ ಅಂಚಿಗೆ ನನ್ನ ಸೋದರಮಾವನ ಜಮೀನಿದೆ. ರಾಗಿ, ಹುರುಳಿ, ಅವರೆ ಬೆಳೆಯುತ್ತಾರೆ. ಹೊತ್ತು ಇಳಿಯುತ್ತಿದ್ದಂತೆ ಚುಕ್ಕೆ ಜಿಂಕೆಗಳು ಕಾಡಿನಿಂದ ಹೊರಗೆ ಬರುತ್ತವೆ. ಬೇಲಿಯ ಪಕ್ಕದ ಹೊಂಗೆ ಮರದ ಬುಡದಲ್ಲಿ ಕುಳಿತು ನಾನು ಚಿತ್ರ ತೆಗೆಯುತ್ತೇನೆ. ಬೇಲಿ ದಾಟಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಕಾಲ್ನಡಿಗೆಯಲ್ಲಿ ಹೋಗುವಂತಿಲ್ಲ, ನಾನು ಹೋಗುವುದೂ ಇಲ್ಲ. ಬೇಟೆಯ ಮಾತಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಲ್ಲವೇ ಇಲ್ಲ. ಆದರೆ ಬೇಟೆಗೆ ಪರವಾನಗಿ ಕೊಡುವ ದೇಶಗಳಲ್ಲಿ ಜಿಂಕೆಯ ಕಣ್ಣಿನ ಬಗ್ಗೆ ಆಗಿರುವ ಅಧ್ಯಯನ ನನ್ನಂಥ ಕ್ಯಾಮೆರಾದವರಿಗೂ ಚೆನ್ನಾಗಿ ಒದಗಿಬರುತ್ತದೆ.

ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಹೋಗುವವರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡಲೇಬೇಕೆಂಬ ಕಾನೂನಿದೆ. ಒಬ್ಬ ಬೇಟೆಗಾರನ ಗುಂಡು ಇನ್ನೊಬ್ಬನಿಗೆ ತಗಲಬಾರದು ಎಂಬುದು ಅದರ ಉದ್ದೇಶ. ಹಾಗಿದ್ದೂ ಜಿಂಕೆ ಓಡಿಹೋಗುವುದಿಲ್ಲವಲ್ಲ, ಏಕೆ? ವಿಜ್ಞಾನಿ ಜೆರಾಲ್ಡ್ ಜೇಕಬ್ಸ್ ಮತ್ತು ಸಂಗಡಿಗರು ಬಿಳಿಬಾಲದ ಜಿಂಕೆ ಹಾಗೂ ಫ್ಯಾಲೋ ಜಿಂಕೆಗಳ ಅಕ್ಷಿಪಟಲವನ್ನು, ಅಂದರೆ ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರವನ್ನು, ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆ, ಜಿಂಕೆಗಳಲ್ಲಿ ಎರಡೇ ಬಗೆ. ಬೆಳಕಿನ ತರಂಗಾಂತರದ ಲೆಕ್ಕದಲ್ಲಿ ಒಂದು ಸುಮಾರು 450ರಿಂದ 460 ನ್ಯಾನೊಮೀಟರ್‌ನ ನೀಲಿಗೆ ಹೆಚ್ಚು ಸ್ಪಂದಿಸುತ್ತದೆ, ಇನ್ನೊಂದು 537ರ ಆಸುಪಾಸಿನ ಹಸಿರಿಗೆ. ಕೆಂಪಿನ ಕಡೆಯದು ಇಲ್ಲವೇ ಇಲ್ಲ. ಹಾಗಾಗಿ ಕಿತ್ತಳೆ, ಕೆಂಪು, ಹಸಿರುಗಳ ನಡುವೆ ನಮಗೆ ಕಾಣುವ ಭೇದ ಅವುಗಳಿಗೆ ಕಾಣದು. ಕಿತ್ತಳೆ ಮಾಸಲು ಹಳದಿಯಂತೆ ಎಲೆಗಳ ಜೊತೆ ಬೆರೆತುಹೋಗುತ್ತದೆ, ಕಡುಗೆಂಪು ಕಪ್ಪಿಗೆ ಹತ್ತಿರವಾಗುತ್ತದೆ. ನೀಲಿ ಮಾತ್ರ ಎದ್ದು ಕಾಣುತ್ತದೆ. ನಮ್ಮ ಚುಕ್ಕೆ ಜಿಂಕೆಯೂ ಇದೇ ಕುಟುಂಬದ್ದು.

ಹುಲಿ ಕಿತ್ತಳೆ ಬಣ್ಣದಲ್ಲೇ ಏಕಿದೆ ಎಂಬುದಕ್ಕೂ ವಿವರಣೆ ಇಲ್ಲೇ ಇದೆ. ನಮಗೆ ಬೆಂಕಿಯಂತೆ ಕಾಣುವ ಆ ಮೈ ಜಿಂಕೆಯ ಪಾಲಿಗೆ ಪೊದೆಯ ಒಂದು ಭಾಗ. ಮರದ ಮೇಲಿನ ಮುಸುವನಿಗೆ ಹಾಗಲ್ಲ. ಅದಕ್ಕೆ ನಮ್ಮಂತೆಯೇ ಮೂರು ಬಗೆಯ ಶಂಕುಕೋಶಗಳಿವೆ, ಅದು ಕೆಂಪನ್ನು ಕಾಣುತ್ತದೆ. ಮುಸುವ ಕೂಗಿದ ಕೂಡಲೇ ಕೆಳಗೆ ಮೇಯುತ್ತಿರುವ ಜಿಂಕೆಗಳು ತಲೆಯೆತ್ತುವುದನ್ನು ಕಬಿನಿ ಕಡೆಗೆ ಸಫಾರಿ ಹೋದವರೆಲ್ಲ ನೋಡಿರುತ್ತಾರೆ. ನಾನು ಮರೆಯಲ್ಲಿ ಕೂತಾಗಲೂ ಗುಟ್ಟು ರಟ್ಟು ಮಾಡುವುದು ಹೆಚ್ಚಾಗಿ ಮುಸುವಗಳೇ. ಅವುಗಳಿಗೆ ಹೊಂದುವ ಬಟ್ಟೆ ಯಾವುದೆಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇಷ್ಟು ತಿಳಿದ ಮೇಲೆ ನಾನು ತಲೆ ಕೆಡಿಸಿಕೊಂಡದ್ದು ಬಟ್ಟೆ ಒಗೆಯುವ ವಿಚಾರಕ್ಕೆ. ನಮ್ಮ ಕಣ್ಣಿನ ಮಸೂರ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುತ್ತದೆ, ಜಿಂಕೆಯದು ಅಷ್ಟು ತಡೆಯುವುದಿಲ್ಲ. ಸೋಪಿನ ಪುಡಿಗಳಲ್ಲಿ ‘ಬಿಳುಪಿಗೆ ಹೊಳಪು’ ಕೊಡಲೆಂದು ಬೆರೆಸುವ ರಾಸಾಯನಿಕ ಈ ನೇರಳಾತೀತ ಕಿರಣಗಳನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಬಿಡುತ್ತದೆ. ಅಂದರೆ ಖಾಕಿ ತೊಟ್ಟಿದ್ದೇನೆ ಎಂದು ನಾನು ನಿಶ್ಚಿಂತನಾಗಿದ್ದರೆ, ಆ ಖಾಕಿಯೇ ನೀಲಿ ಕಾರುತ್ತಿರಬಹುದು.

ಪರೀಕ್ಷೆ ಸುಲಭ. ಅಂಗಡಿಗಳಲ್ಲಿ ಖೋಟಾ ನೋಟು ಪತ್ತೆಗೆ ಇಟ್ಟಿರುತ್ತಾರಲ್ಲ, ಆ ನೇರಳೆ ಟಾರ್ಚ್ ಒಂದು ಸಾಕು. ರಾತ್ರಿ ಕೋಣೆಯ ದೀಪ ಆರಿಸಿ ಬಟ್ಟೆಗಳನ್ನು ಮಂಚದ ಮೇಲೆ ಹರಡಿ ಟಾರ್ಚ್ ಹಾಯಿಸಿದೆ. ಬನಿಯನ್ ಹೊತ್ತಿ ಉರಿಯುವಂತೆ ಹೊಳೆಯಿತು, ಅದು ನಿರೀಕ್ಷಿತವೇ. ಹಳೆಯ ಖಾಕಿ ಪ್ಯಾಂಟಿನ ಬಟ್ಟೆ ಕತ್ತಲಾಗಿಯೇ ಇತ್ತು, ಆದರೆ ಜೇಬಿನ ಒಳಗಿನ ಬಿಳಿ ಅರಿವೆ ಬಾಯಿಯ ಬಳಿ ಬೆರಳಗಲ ಇಣುಕಿ ನೀಲಿಯಾಗಿ ಮಿನುಗುತ್ತಿತ್ತು. ಹಸಿರು ಅಂಗಿಯ ಗುಂಡಿ ಹೊಲಿದ ದಾರ ನಾಲ್ಕು ಚುಕ್ಕೆಗಳಾಗಿ ಹೊಳೆಯಿತು. ಚಿತ್ತಾರದ ದುಬಾರಿ ಮೇಲಂಗಿ ಇಡಿಯಾಗಿ ಮಂಕು ನೀಲಿಗೆ ತಿರುಗಿತು. ಈಗ ಅದನ್ನು ಮಳೆಗಾಲದಲ್ಲಿ ಸ್ಕೂಟರ್ ಒರೆಸಲು ಬಳಸುತ್ತೇನೆ. ಉಳಿದವುಗಳ ದಾರ ಬದಲಿಸಿ, ಜೇಬಿನ ಬಾಯಿಯನ್ನು ಕಂದು ದಾರದಿಂದ ಹೊಲಿಸಿದೆ. ಕಾಡಂಚಿಗೆ ಹೋಗುವ ಬಟ್ಟೆಗಳಿಗೆ ಸೋಪಿನ ಪುಡಿ ಸೋಕಿಸುವುದಿಲ್ಲ. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿದ ನೀರಿನಲ್ಲಿ ಒಗೆಯುತ್ತೇನೆ. ಘಮಘಮಿಸುವ ಸುವಾಸನೆಯೂ ಉಳಿಯುವುದಿಲ್ಲ. ಜಿಂಕೆಯ ಮೂಗು ಕಣ್ಣಿಗಿಂತ ಚುರುಕು, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಯಾವ ಬಟ್ಟೆಯೂ ಕಾಪಾಡದು.

ಸಂಜೆಯ ಹೊತ್ತಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಸೂರ್ಯ ಮುಳುಗಿದ ಮೇಲೆ ಉಳಿಯುವ ಬೆಳಕಿನಲ್ಲಿ ನೀಲಿಯ ಪಾಲೇ ದೊಡ್ಡದು. ಟಾರ್ಚ್ ಬಿಟ್ಟಾಗ ಜಿಂಕೆಯ ಕಣ್ಣು ಹೊಳೆಯುವಂತೆ ಮಾಡುವ ಒಳಪದರ ಇದ್ದಬದ್ದ ಬೆಳಕನ್ನು ಅಕ್ಷಿಪಟಲಕ್ಕೆ ಮರಳಿಸುತ್ತದೆ. ನಮಗೆ ಬಣ್ಣಗಳೇ ಅಳಿಸಿಹೋದ ಹೊತ್ತಿನಲ್ಲಿ ಅದು ನಿರಾಳವಾಗಿ ನೋಡುತ್ತಿರುತ್ತದೆ.

ಇಷ್ಟೆಲ್ಲ ಮಾಡಿಯೂ ಕೊನೆಗೆ ನಾನು ಹೊದ್ದುಕೊಳ್ಳುವುದು ಮಾವನ ಕರಿ ಕಂಬಳಿಯನ್ನು. ಕುರಿಯ ಮೈಬಣ್ಣದ್ದೇ ಉಣ್ಣೆ, ಮೇಲೆ ಬಣ್ಣ ಹಾಕಿಲ್ಲ, ಸೋಪು ಕಂಡಿಲ್ಲ, ಹೊಳಪಿಲ್ಲ. ಮಳೆ ಜಾಕೆಟ್ಟಿನಂತೆ ಅಲುಗಿದಾಗ ಸರಬರ ಎನ್ನುವುದೂ ಇಲ್ಲ. ಕೊಪ್ಪೆ ಹಾಕಿ ಕುಳಿತರೆ ತಲೆ, ಕಿವಿ, ಭುಜಗಳ ಅಂಚು ಕರಗಿ ಮನುಷ್ಯಾಕಾರವೇ ಇಲ್ಲವಾಗುತ್ತದೆ. ಬಯಲಿನಲ್ಲಿ ಕಪ್ಪು ಗುಡ್ಡೆಯಾಗಿ ಕಾಣುತ್ತದೆ ನಿಜ, ಮರದ ನೆರಳಿನಲ್ಲಿ ಮಾತ್ರ ಇದನ್ನು ಮೀರಿಸುವುದು ಬೇರೊಂದಿಲ್ಲ. ನನ್ನ ಬಿಳಿ ಲೆನ್ಸಿಗೂ ಹಳೆಯ ಗೋಣಿತಾಟಿನ ತುಂಡೊಂದನ್ನು ಸುತ್ತಿದ್ದೇನೆ. ತಲೆಗೆ ಕೆಂಪು ಟವೆಲು. ಅದು ಜಿಂಕೆಗಾಗಿ ಅಲ್ಲ, ನಾನು ಎಲ್ಲಿ ಕೂತಿದ್ದೇನೆಂದು ಕಾವಲಿಗೆ ಅಟ್ಟಣೆ ಏರಿದ ಮಾವನಿಗೆ ತಿಳಿಯಲಿ ಎಂದು.

ಆದರೂ ಕೈ ಅಲುಗಿದರೆ ಎಲ್ಲವೂ ವ್ಯರ್ಥ. ಜಿಂಕೆಯ ಕಣ್ಣುಗಳು ತಲೆಯ ಎರಡು ಬದಿಗಿವೆ, ಪಾಪೆ ಅಡ್ಡವಾಗಿ ಸೀಳಿದಂತಿದೆ, ಹಿಂಬದಿಯ ಸ್ವಲ್ಪ ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಸೂಕ್ಷ್ಮ ವಿವರ ನಮ್ಮಷ್ಟು ಸ್ಪಷ್ಟವಿಲ್ಲ, ಚಲನೆ ಮಾತ್ರ ತಕ್ಷಣ ಗೊತ್ತಾಗುತ್ತದೆ. ಅನುಮಾನ ಬಂದ ಹೆಣ್ಣು ಜಿಂಕೆ ಮುಂಗಾಲನ್ನು ಮೆಲ್ಲಗೆ ಎತ್ತಿ, ಗಾಳಿಯಲ್ಲೇ ಹಿಡಿದು, ಒಮ್ಮೆ ನೆಲಕ್ಕೆ ಕುಟ್ಟುತ್ತದೆ. ಕಿವಿಗಳೆರಡೂ ನನ್ನತ್ತಲೇ. ತಲೆ ತಗ್ಗಿಸಿ ಮೇಯುವಂತೆ ನಟಿಸಿ ಥಟ್ಟನೆ ಎತ್ತುತ್ತದೆ, ಅಷ್ಟರಲ್ಲಿ ನಾನು ಅಲುಗಿದರೆ ಸಿಕ್ಕಿಬಿದ್ದಂತೆ. ನಿಜವಾಗಿ ಮೇಯತೊಡಗಿತೋ ಇಲ್ಲವೋ ಎಂದು ಬಾಲ ನೋಡಿ ತಿಳಿಯುತ್ತೇನೆ. ಬಾಲ ಸಡಿಲವಾಗಿ ಆಡಿದ ಮೇಲೆಯೇ ಬೆರಳು ಗುಂಡಿಯತ್ತ ಹೋಗುವುದು.

ಇದನ್ನೆಲ್ಲ ಕೇಳಿದ ಮಾವ ತಮ್ಮದೇ ಲೆಕ್ಕ ಹಾಕಿದರು. ಹೊಲದ ಸುತ್ತ ಹಳೆಯ ಸೀರೆ ಕಟ್ಟುವುದು ನಮ್ಮ ಕಡೆ ರೂಢಿ. ಪ್ರಾಣಿಗಳು ಬೆದರಲಿ ಎಂದು ಅವರು ಕೆಂಪನ್ನೇ ಹುಡುಕಿ ಕಟ್ಟುತ್ತಿದ್ದರು. “ಏನಯ್ಯಾ, ಹಾಗಾದರೆ ಇಷ್ಟು ವರ್ಷ ಕತ್ತಲೆಗೆ ಸೀರೆ ಉಡಿಸಿದೆನೇ?” ಎಂದರು. ನೀಲಿ ಅಥವಾ ಬಿಳಿ ಕಟ್ಟಿ ನೋಡಿ ಮಾವ, ಆದರೆ ಒಂದೇ ಕಡೆ ಬಹಳ ದಿನ ಬಿಟ್ಟರೆ ಅದಕ್ಕೂ ಒಗ್ಗಿಹೋಗುತ್ತವೆ ಎಂದೆ. ಸರಿ ಎಂದು ಒಳಗೆ ಹೋದವರು ಬರಿಗೈಯಲ್ಲಿ ಬಂದರು. ಮನೆಯಲ್ಲಿರುವ ನೀಲಿ ಸೀರೆಗಳೆಲ್ಲ ಇನ್ನೂ ಉಡುವಂತಿವೆಯಂತೆ, ಅತ್ತೆ ಕೊಡಲಿಲ್ಲ.