ಮಗಳು ನಡೆಯೋಕೆ ಶುರು ಮಾಡಿದಾಗ ನಾವು ಮನೆಯಲ್ಲಿ ಮಾಡಿದ್ದು

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮದೊಂದು ಹಳೇ ಮನೆ. ಮುಂದಿನ ಕೋಣೆಯಲ್ಲಿ ಸುಟ್ಟ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ನನ್ನ ವೈಂಡಿಂಗ್ ಅಂಗಡಿ, ಹಿಂದೆ ಸಂಸಾರ. ಹೆಂಡತಿ ಟೀಚರ್. ಬೆಳಿಗ್ಗೆ ಶಾಲೆಗೆ ಹೊರಟರೆ ವಾಪಸ್ ಬರುವುದು ಸಂಜೆಗೇ. ಹಾಗಾಗಿ ಮಗಳ ಹಗಲೆಲ್ಲ ನನ್ನ ಮತ್ತು ನಮ್ಮ ಅವ್ವನ ಪಾಲಿಗೆ. ಮಗು ಬೆಳೆಸಿದ ಅನುಭವವನ್ನು ಸಾಮಾನ್ಯವಾಗಿ ತಾಯಂದಿರು ಬರೆಯುತ್ತಾರೆ. ಸದಾ ಕೈಗೆ ವಾರ್ನಿಷ್ ಮೆತ್ತಿಕೊಂಡಿರುವ ಅಪ್ಪನೊಬ್ಬ ಏನು ಮಾಡಿದ ಅನ್ನೋದೂ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲೇ ಹೇಳಿಬಿಡುತ್ತೇನೆ. ನಾವ್ಯಾರೂ ಅವಳಿಗೆ ನಡೆಯೋದನ್ನು ಕಲಿಸಲಿಲ್ಲ. ಎರಡೂ ಕೈ ಮೇಲೆತ್ತಿ ಹಿಡಿದು ಮನೆಯೆಲ್ಲ ಓಡಾಡಿಸಲಿಲ್ಲ. ನಮ್ಮ ಕೆಲಸವೆಲ್ಲ ನಡೆದಿದ್ದು ನೆಲದ ಮೇಲೆ.

ಮಗಳು ಮಂಚದ ಕಾಲು ಹಿಡಿದು ಎದ್ದು ನಿಲ್ಲೋಕೆ ಶುರು ಮಾಡಿದ ವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಪಡಸಾಲೆಯಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿದೆ. ಅವ್ವ ಬಂದು ನೋಡಿ, "ಏನೋ ತಮ್ಮಾ, ಹುಷಾರಿಲ್ವೇನೋ?" ಅಂದಳು. ಮಗಳ ಕಣ್ಣಿಗೆ ಮನೆ ಹೇಗೆ ಕಾಣುತ್ತೆ ಅಂತ ನೋಡಬೇಕಿತ್ತು. ಮೂವತ್ತು ವರ್ಷದಿಂದ ಇದೇ ಮನೆಯಲ್ಲಿದ್ದೇನೆ, ಇದನ್ನೆಲ್ಲ ನೋಡೇ ಇರಲಿಲ್ಲ. ಮಂಚದ ಅಡಿಯಲ್ಲಿ ಹೊರಗೆ ಚಾಚಿಕೊಂಡ ಮೊಳೆ. ಕಟ್ಟೆಯಿಂದ ಜೋತುಬಿದ್ದ ಮಿಕ್ಸಿ ವೈರು, ಒಂದು ಸಲ ಎಳೆದರೆ ಮಿಕ್ಸಿ ತಲೆ ಮೇಲೆ. ಯುಪಿಎಸ್ ಬ್ಯಾಟರಿಯ ಬೆತ್ತಲೆ ಟರ್ಮಿನಲ್. ಗೋಡೆಯ ಬುಡದಲ್ಲಿರುವ ಪ್ಲಗ್ಗಿನ ತೂತುಗಳು, ಬೆರಳಿಡೋಕೇ ಮಾಡಿದ ಹಾಗೆ. ಸೋಫಾದ ಕೆಳಗೆ ಆಟಿಕೆಯಿಂದ ಬಿದ್ದ ಗುಂಡಿಯಂಥ ಸಣ್ಣ ಬ್ಯಾಟರಿ. ಈ ಕೊನೆಯದನ್ನು ನೋಡಿ ನಿಜಕ್ಕೂ ಬೆವತೆ. ಆ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಿನ ಮಾಂಸ ಸುಡೋಕೆ ಶುರುವಾಗುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಇನ್ನು ಅಂಗಡಿ. ವೈಂಡಿಂಗ್ ಅಂಗಡಿಯ ನೆಲ ಅಂದರೆ ವಾಷರ್, ಸ್ಕ್ರೂ, ತಂತಿ ಚೂರುಗಳ ಸಂತೆ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ದಿನಾ ಸಂಜೆ ನೆಲದ ಮೇಲೆ ಎಳೆಯುತ್ತಿದ್ದೆ. ಕಬ್ಬಿಣದ್ದೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಆದರೆ ನನ್ನ ಕಸುಬೇ ತಾಮ್ರದ್ದು, ತಾಮ್ರ ಅಯಸ್ಕಾಂತಕ್ಕೆ ಅಂಟೋದಿಲ್ಲ. ಕೂದಲೆಳೆಯಷ್ಟು ಸಣ್ಣ ಚೂರು ಅಂಗಾಲಿಗೆ ಚುಚ್ಚಿದರೆ ತೆಗೆಯೋದು ದೊಡ್ಡವರಿಗೇ ಕಷ್ಟ. ಅದಕ್ಕೆ ಮೂರು ಏರ್ಪಾಟು ಮಾಡಿದೆ. ತಂತಿ ಕತ್ತರಿಸುವಾಗ ಕೆಳಗೆ ಅಗಲವಾದ ತಗಡಿನ ತಟ್ಟೆ. ಅಂಗಡಿಯ ಚಪ್ಪಲಿ ಅಂಗಡಿಯಲ್ಲೇ ಬಿಡೋದು. ಒಳಬಾಗಿಲಿಗೆ ಮೊಣಕಾಲಿಗಿಂತ ಮೇಲಕ್ಕೆ ಬರುವ ಹಲಗೆ ಅಡ್ಡ. ಬಾಗಿಲಿನ ಎರಡು ಕಡೆ ತಗಡಿನ ಜಾಡು ಮಾಡಿ ಹಲಗೆಯನ್ನು ಅದರಲ್ಲಿ ಇಳಿಬಿಟ್ಟಿದ್ದೆ, ಬೇಕಾದಾಗ ಮೇಲೆತ್ತಿ ತೆಗೆಯಬಹುದು. ಗಿರಾಕಿಗಳು ಅದಕ್ಕೆ ಕಾಲು ತಾಗಿಸಿಕೊಂಡು ಬೈದುಕೊಂಡರು. ಬೈದುಕೊಳ್ಳಲಿ ಬಿಡಿ.

ಮನೆಯಲ್ಲಿ ಮೂರು ಥರದ ನೆಲ ಇದೆ. ಪಡಸಾಲೆಗೆ ಕೆಂಪು ರೆಡ್ ಆಕ್ಸೈಡ್, ಅಡುಗೆಮನೆಗೆ ಕಡಪ ಕಲ್ಲು, ಆಮೇಲೆ ಕಟ್ಟಿಸಿದ ಕೋಣೆಗೆ ಟೈಲ್ಸ್. ಟೈಲ್ಸಿನ ಮೇಲೆ ಸಾಕ್ಸ್ ಹಾಕಿ ನಿಲ್ಲಿಸಿದರೆ ಎರಡೂ ಕಾಲು ಎರಡು ಕಡೆ ಜಾರುತ್ತಿದ್ದವು. ಬರಿಗಾಲಲ್ಲಿ ಬಿಟ್ಟರೆ ಬೆರಳುಗಳನ್ನು ಮುದುರಿ ನೆಲವನ್ನು ಕಚ್ಚಿ ಹಿಡಿಯುತ್ತಿದ್ದಳು. ಡಾಕ್ಟರೂ ಅದನ್ನೇ ಹೇಳಿದರು: ಮನೆಯೊಳಗೆ ಬರಿಗಾಲೇ ಒಳ್ಳೆಯದು, ಅಂಗಾಲಿಗೆ ನೆಲ ಗೊತ್ತಾಗಬೇಕು, ಬೂಟು ಚಪ್ಪಲಿಯೆಲ್ಲ ಹೊರಗೆ ಹೋಗುವಾಗ ಮಾತ್ರ. ಅವ್ವನಿಗೆ ಇದು ಹಿಡಿಸಲಿಲ್ಲ. ಚಳಿಗಾಲದಲ್ಲಿ ಕಾಲು ತಣ್ಣಗಾದರೆ ಶೀತ ಆಗುತ್ತೆ ಅಂತ ಅವಳ ಲೆಕ್ಕ. ಕೊನೆಗೆ ಒಪ್ಪಂದ ಆಯ್ತು. ತಲೆಗೆ ಕುಲಾವಿ ಅವ್ವನ ಇಷ್ಟ, ಕಾಲು ನನ್ನ ಇಷ್ಟ. ಎಣ್ಣೆ ಸ್ನಾನದ ದಿನ ಮಾತ್ರ ಅವ್ವನೇ ಅಂಗಾಲಿಗೆ ಕಡಲೆಹಿಟ್ಟು ಹಚ್ಚಿ ಉಜ್ಜಿ, ಒರೆಸಿ, ಆಮೇಲೆ ಕೆಳಗೆ ಬಿಡುತ್ತಿದ್ದಳು. ಎಣ್ಣೆಗಾಲಲ್ಲಿ ಯಾವ ನೆಲವೂ ಜಾರುತ್ತೆ.

ನಾವು ಕೆಳಗೆ ಕೂತು ಊಟ ಮಾಡೋ ಜನ. ಮಗು ಅಂಬೆಗಾಲಿಡುವಾಗಲೇ ಇದು ಕಷ್ಟ ಆಗಿತ್ತು, ನಡೆಯೋಕೆ ಶುರುವಾದ ಮೇಲೆ ಇನ್ನೂ ಜಾಸ್ತಿ. ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಟ್ಟ ಮಗು ಎಲ್ಲಿ ಬೀಳುತ್ತೆ ಅಂತ ಅದಕ್ಕೇ ಗೊತ್ತಿರಲ್ಲ. ನಡುವೆ ಕುದಿಯೋ ಸಾರಿನ ಪಾತ್ರೆ ಇಟ್ಟುಕೊಂಡು ಕೂತರೆ ಹೇಗೆ? ಬಡಿಸೋದನ್ನೆಲ್ಲ ಅಡುಗೆಮನೆಯ ಕಟ್ಟೆ ಮೇಲೇ ಮುಗಿಸಿ, ತಟ್ಟೆ ಮಾತ್ರ ಕೆಳಗೆ ತರೋದು ಅಂತ ಮಾಡಿದೆವು. ಮತ್ತೆ ಸಾರು ಬೇಕಾದವರು ಎದ್ದು ಹೋಗಬೇಕು. ಅಪ್ಪಾಜಿಗೆ ಮಂಡಿನೋವು, ಅವರ ಲೋಟಕ್ಕೆ ಮೊದಲೇ ಜಾಸ್ತಿ ಹಾಕಿಡುತ್ತಿದ್ದೆವು.

ನೀರು ಬಿಟ್ಟ ದಿನದ ಕಥೆ ಬೇರೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಲ್ಲಿ ಬಂತೆಂದರೆ ಕೊಡ, ಬಕೆಟ್ಟು, ಡ್ರಮ್ಮು, ಕೊನೆಗೆ ಪಲ್ಯದ ಪಾತ್ರೆ ಕೂಡ ತುಂಬಿಸಿಡುತ್ತೇವೆ. ಈ ವಯಸ್ಸಿನ ಮಕ್ಕಳಿಗೆ ತಲೆ ಭಾರ. ಬಕೆಟ್ ಹಿಡಿದು ಬಗ್ಗಿ ಒಳಗೆ ಬಿದ್ದರೆ ಮೇಲೇಳೋಕೆ ಆಗಲ್ಲ. ನಾಲ್ಕು ಬೆರಳಷ್ಟು ನೀರಿದ್ದರೂ ಸಾಕು, ಸದ್ದೇ ಆಗದೆ ಅನಾಹುತ ಆಗುತ್ತೆ. ಬಚ್ಚಲ ಬಾಗಿಲಿಗೆ ಹೊರಗಿನಿಂದ ಎತ್ತರದಲ್ಲಿ ಚಿಲಕ ಹಾಕಿಸಿದೆ. ಮುಚ್ಚಳ ಇರುವ ಡ್ರಮ್ಮು ಮಾತ್ರ ಹೊರಗೆ, ಉಳಿದಿದ್ದೆಲ್ಲ ಚಿಲಕದ ಒಳಗೆ. ನೆಲಕ್ಕೆ ಚೆಲ್ಲಿದ ನೀರನ್ನು ಅಲ್ಲಲ್ಲೇ ಒರೆಸೋ ಕೆಲಸ ನನ್ನದು.

ವಾಕರ್ ವಿಚಾರಕ್ಕೆ ಬರುತ್ತೇನೆ. ಹೆಂಡತಿಯ ತವರು ಚಿತ್ರದುರ್ಗ. ಅಲ್ಲಿಂದ ಮಗಳ ಸೋದರಮಾವ ಪ್ರೀತಿಯಿಂದ ಗಾಲಿ ಇರೋ ವಾಕರ್ ತಂದ. ಸಂಗೀತ, ದೀಪ ಎಲ್ಲ ಇತ್ತು. ನಾನು ಅದರಲ್ಲಿ ಮಗಳನ್ನು ಕೂರಿಸಲಿಲ್ಲ. ಗಾಲಿ ಮೇಲೆ ಕೂತ ಮಗು ತನ್ನ ಕಾಲಿನ ಅಂಕೆಗೆ ಮೀರಿದ ವೇಗದಲ್ಲಿ ಓಡುತ್ತೆ. ಮೆಟ್ಟಿಲು, ಒಲೆ, ವೈರು ಎಲ್ಲದರ ಹತ್ತಿರಕ್ಕೂ ಕ್ಷಣದಲ್ಲಿ ಹೋಗಿಬಿಡುತ್ತೆ. ಅದರಲ್ಲಿ ತುದಿಗಾಲಲ್ಲಿ ನೂಕಿಕೊಂಡು ಹೋಗೋದೇ ಹೊರತು ತನ್ನ ಭಾರ ತಾನು ಹೊತ್ತು ಬ್ಯಾಲೆನ್ಸ್ ಮಾಡೋದು ಬರಲ್ಲ. ಕೆನಡಾದಲ್ಲಿ 2004ರಿಂದ ಇವುಗಳ ಮಾರಾಟವನ್ನೇ ನಿಷೇಧಿಸಿದ್ದಾರೆ. ಇದನ್ನೆಲ್ಲ ಭಾವಮೈದುನನ ಮುಂದೆ ಭಾಷಣ ಮಾಡೋಕೆ ಆಗುತ್ತಾ? ಗಾಲಿ ಬಿಚ್ಚಿ, ಅದರ ತಟ್ಟೆ ತುಂಬ ಆಟಿಕೆ ಇಟ್ಟು ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿದೆ. ಮಗಳು ಅದನ್ನು ಹಿಡಿದು ನಿಂತು ಹೊರಗಿನಿಂದಲೇ ಆಟ ಆಡಿದಳು. ಅವನು ಬಂದಾಗಲೂ ಖುಷಿಪಟ್ಟ.

ಅವಳಿಗೆ ನಿಜಕ್ಕೂ ಕೆಲಸಕ್ಕೆ ಬಂದಿದ್ದು ಜಾತ್ರೆಯಲ್ಲಿ ಸಿಗುವ ಮೂರು ಗಾಲಿಯ ಮರದ ಗಾಡಿ. ನಮ್ಮ ಕಾಲದ ಮಕ್ಕಳೆಲ್ಲ ತಳ್ಳಿದ್ದು ಅದನ್ನೇ ಅಲ್ವಾ? ಆದರೆ ಅದನ್ನು ತಂದ ಹಾಗೇ ಕೊಡಬೇಡಿ. ಎರಡು ತೊಂದರೆ ಇದೆ. ಮಗು ಅದನ್ನು ಹಿಡಿದು ಏಳುವಾಗ ಗಾಡಿ ಮಗುವಿನ ಮೇಲೇ ವಾಲುತ್ತೆ. ನಿಂತ ಮೇಲೆ ನಯವಾದ ನೆಲದಲ್ಲಿ ಸರ್ರನೆ ಮುಂದೆ ಓಡುತ್ತೆ, ಮಗು ಮುಖ ಅಡಿಯಾಗಿ ಬೀಳುತ್ತೆ. ಮುಂದಿನ ಪಟ್ಟಿಗೆ ಭಾರಕ್ಕೆ ಅಂತ ಎರಡು ಹಳೇ ಬೇರಿಂಗ್ ಬಿಗಿದೆ, ವಾಲೋದು ನಿಂತಿತು. ಗಾಲಿಗಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅಚ್ಚಿನ ಹತ್ತಿರ ಒಂದೊಂದು ದಪ್ಪ ವಾಷರ್ ಸೇರಿಸಿ ಬಿಗಿ ಮಾಡಿದೆ. ಈಗ ತಳ್ಳಿದಷ್ಟೇ ಹೋಗುತ್ತೆ. ಅವಳ ಕಾಲು ಗಟ್ಟಿಯಾದ ಹಾಗೆ ವಾಷರ್ ತೆಗೆಯುತ್ತಾ ಬಂದೆ. ಮರದ ಅಂಚಿಗೆ ಉಪ್ಪು ಕಾಗದ (ಸ್ಯಾಂಡ್ ಪೇಪರ್) ಉಜ್ಜೋದನ್ನೂ ಮರೀಬೇಡಿ.

ಅಷ್ಟರಲ್ಲಿ ಓಣಿಯವರದು ಶುರುವಾಗಿತ್ತು. "ಏನ್ರೀ, ವರ್ಷ ತುಂಬಿದ್ರೂ ಇನ್ನೂ ನಡೆಯಲ್ವಾ? ನಮ್ಮ ಮೊಮ್ಮಗ ಒಂಬತ್ತು ತಿಂಗಳಿಗೇ ಓಡ್ತಿದ್ದ." ಇಂಥವರಿಗೆ ಅವ್ವನದು ಒಂದೇ ಉತ್ತರ. "ನಡೆದ್ಮ್ಯಾಲೆ ಎಲ್ಲಿಗೆ ಹೋಗ್ಬೇಕ್ರಿ ಅದು, ಆಫೀಸಿಗಾ?" ಹೆಂಡತಿಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರು ಅವಳಿಗೆ ಸಮಾಧಾನವಾಗಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಲೆಕ್ಕ ಕೊಟ್ಟಿದೆ, ಅದರಲ್ಲಿ ನಮ್ಮ ದೇಶದ ಮಕ್ಕಳೂ ಇದ್ದರು. ಒಂಟಿಯಾಗಿ ನಡೆಯೋದು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು. ಕೆಲವು ಮಕ್ಕಳು ಅಂಬೆಗಾಲಿಡದೆಯೇ ಎದ್ದು ನಡೆದುಬಿಡುತ್ತವೆ. 18 ತಿಂಗಳಾದರೂ ನಡೆಯದಿದ್ದರೆ ತೋರಿಸಬೇಕು. ಒಂದೇ ಕಡೆಯ ಕಾಲು ಎಳೆಯುತ್ತಿದ್ದರೆ, ಕುಂಟುತ್ತಿದ್ದರೆ, ಸದಾ ತುದಿಗಾಲಲ್ಲೇ ಇದ್ದರೆ, ಬರುತ್ತಿದ್ದದ್ದು ಬಾರದಂತಾದರೆ ಅಲ್ಲಿವರೆಗೂ ಕಾಯಬಾರದು. ಇಷ್ಟನ್ನು ಹೆಂಡತಿ ತಾಯಿ ಕಾರ್ಡಿನ ಹಿಂದೆ ಬರೆದಿಟ್ಟುಕೊಂಡಳು. ಡಯಾಪರ್ ಹಾಕಿದ್ದಕ್ಕೇ ಕಾಲು ಸೊಟ್ಟ ಆಗಿದೆ ಅಂತಲೂ ಯಾರೋ ಹೇಳಿದ್ದರು. ಅದೂ ಸುಳ್ಳು. ಸುಮಾರು ಎರಡು ವರ್ಷದವರೆಗೆ ಮಕ್ಕಳ ಕಾಲು ಕೊಂಚ ಬಿಲ್ಲಿನಂತೆ ಇರೋದು ಸಹಜ.

ಬೀಳೋದಂತೂ ಇದ್ದೇ ಇತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರನ್ ಅಡಾಲ್ಫ್ ಮತ್ತವರ ಜೊತೆಯವರು 2012ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದರು. 12ರಿಂದ 19 ತಿಂಗಳ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬೀಳುತ್ತಾರಂತೆ. ಇದನ್ನು ಓದಿದ ಮೇಲೆ ನನಗೆ ನೆಮ್ಮದಿ ಆಯ್ತು. ಇಡೀ ಮನೆಗೆ ಒಂದು ನಿಯಮ ಮಾಡಿದೆವು: ಬಿದ್ದ ಕೂಡಲೇ ಯಾರೂ "ಅಯ್ಯೋ" ಅನ್ನಬಾರದು. ಮಗು ಬಿದ್ದಾಗ ಮೊದಲು ನಮ್ಮ ಮುಖ ನೋಡುತ್ತೆ, ಆಮೇಲೆ ಅಳಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತೆ. ಅವ್ವ "ಇರುವೆ ಸತ್ತೋಯ್ತು ನೋಡು" ಅಂತಿದ್ದಳು. ಜೋರಾಗಿ ಬಿದ್ದರೆ ನೆಲಕ್ಕೆ ಎರಡು ಏಟು. ನೆಲಕ್ಕೆ ಹೊಡೆದು ಮಗುವಿಗೆ ಸೇಡು ಕಲಿಸಬಾರದು ಅಂತ ಹೆಂಡತಿಯ ವಾದ. ನನಗೇನೋ ಅದರಲ್ಲಿ ತಪ್ಪು ಕಾಣಲಿಲ್ಲ. ಸ್ವಲ್ಪ ದಿನಕ್ಕೆ ಮಗಳೇ ಬಿದ್ದು, ತಾನೇ ನೆಲಕ್ಕೆ ಹೊಡೆದು, ಎದ್ದು ಹೋಗುತ್ತಿದ್ದಳು, ನಮ್ಮನ್ನು ಕಾಯುತ್ತಲೇ ಇರಲಿಲ್ಲ. ತಲೆಗೆ ಪೆಟ್ಟಾದಾಗ ಮಾತ್ರ ಹುಷಾರಾಗಿರಬೇಕು. ಪ್ರಜ್ಞೆ ತಪ್ಪಿದರೆ, ವಾಂತಿ ಮಾಡುತ್ತಿದ್ದರೆ, ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೊದಲ ಹೆಜ್ಜೆ ಬಂದಿದ್ದು ಒಂದು ಶನಿವಾರ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಮಗಳು ಗೋಡೆ ಹಿಡಿದು ಬಂದು ಒಂದು ಕೈಲಿ ಲಟ್ಟಣಿಗೆ ತಗೊಂಡಳು. ಪಕ್ಕದಲ್ಲಿ ಸ್ಟೀಲಿನ ಲೋಟ ಕಂಡಿತು, ಅದನ್ನು ಇನ್ನೊಂದು ಕೈಲಿ. ಈಗ ಗೋಡೆ ಹಿಡಿಯೋಕೆ ಕೈ ಇಲ್ಲ, ಎರಡರಲ್ಲಿ ಒಂದನ್ನು ಬಿಡೋಕೆ ಮನಸ್ಸಿಲ್ಲ. ಸ್ವಲ್ಪ ಹೊತ್ತು ಹಾಗೇ ತೂಗಾಡುತ್ತ ನಿಂತಳು. ಆಮೇಲೆ ಲೋಟ ಲಟ್ಟಣಿಗೆ ಎರಡೂ ಎತ್ತಿ ಹಿಡಿದುಕೊಂಡು, ಕಾಲು ಅಗಲಿಸಿ, ತಪ್ಪು ಹೆಜ್ಜೆ ಹಾಕುತ್ತ ಅಡ್ಡಹಲಗೆಯ ತನಕ ನನ್ನ ಹತ್ತಿರ ಬಂದೇಬಿಟ್ಟಳು. ನಾನು ಮೋಟಾರಿನ ತಿರುಗದ ಭಾಗವಾದ ಸ್ಟೇಟರನ್ನು ತೊಡೆ ಮೇಲಿಟ್ಟುಕೊಂಡು ತಂತಿಯ ಕಾಯಿಲ್ ತುಂಬುತ್ತಿದ್ದೆ, ಎದ್ದೇಳೋಕೂ ಆಗಲಿಲ್ಲ. ಫೋನ್ ತೆಗೆದು ಹೆಂಡತಿಗೆ ಹೇಳೋಣ ಅಂದರೆ ಅವ್ವ ಬಿಡಲಿಲ್ಲ. "ಹೇಳಬ್ಯಾಡ. ಬಂದು ಅವಳೇ ನೋಡ್ಲಿ." ಹೆಂಡತಿ ಬಂದಾಗ ಮಗಳು ಜಪ್ಪಯ್ಯ ಅಂದರೂ ಏಳಲಿಲ್ಲ. ಮರುದಿನ ಭಾನುವಾರ ಅಮ್ಮನ ಮುಂದೆ ನಡೆದಳು. ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. "ನಿನ್ನೆಯೇ ನಡೆದಿದ್ಲು ಅಲ್ವಾ? ಅತ್ತೆ ಮುಖ ನೋಡಿದಾಗಲೇ ಗೊತ್ತಾಗಿತ್ತು." ಅವ್ವ ಓಣಿಗೆಲ್ಲ ಕೊಬ್ಬರಿ ಬೆಲ್ಲ ಹಂಚಿದಳು, ಮೊಮ್ಮಗ ಒಂಬತ್ತು ತಿಂಗಳಿಗೇ ಓಡಿದ ಮನೆಗೆ ಮೊದಲು.

ಆಮೇಲೆ ಹೊಸ ತೊಂದರೆ ಒಂದು ಬಂತು, ಮಂಡಕ್ಕಿಯಿಂದ. ಸಂಜೆ ಮಂಡಕ್ಕಿ ಮಿರ್ಚಿ ಇಲ್ಲದ ಮನೆ ನಮ್ಮೂರಲ್ಲಿ ಎಷ್ಟಿದ್ದಾವು? ತಿನ್ನುವಾಗ ಶೇಂಗಾ, ಹುರಿಗಡಲೆ ನೆಲಕ್ಕೆ ಉದುರುತ್ತೆ. ನಡೆಯೋ ಮಗು ಗಕ್ಕನೆ ನಿಂತು, ಬಗ್ಗಿ, ಹೆಕ್ಕಿ, ಬಾಯಿಗೆ ಹಾಕಿಕೊಂಡು ಮತ್ತೆ ಓಡುತ್ತೆ. ಶೇಂಗಾ ಕಾಳು ಉಸಿರುನಾಳಕ್ಕೆ ಹೋಗೋದು ಹೀಗೇ. ಈಗ ನಮ್ಮ ಮನೆಯಲ್ಲಿ ಮಂಡಕ್ಕಿಗೆ ಶೇಂಗಾ ಹಾಕಲ್ಲ. ಅಪ್ಪಾಜಿ ಇದಕ್ಕೆ ಇನ್ನೂ ಒಪ್ಪಿಲ್ಲ, ಅಂಗಡಿಗೆ ಬಂದು ಹಲಗೆಯ ಆಚೆ ಕೂತು ಬೇರೆ ತಿನ್ನುತ್ತಾರೆ.

ಭಾನುವಾರ ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ಕುಂದುವಾಡ ಕೆರೆ ಕಡೆ ಕರೆದುಕೊಂಡು ಹೋಗುತ್ತೇವೆ. ಮನೆಯ ಸಪಾಟು ನೆಲದಲ್ಲಿ ಕಲಿತ ಕಾಲಿಗೆ ಹುಲ್ಲು, ಮಣ್ಣು, ಏರು, ತಗ್ಗು ಎಲ್ಲ ಹೊಸದು. ಅಲ್ಲಿಗೆ ಮೆತ್ತನೆ ಅಟ್ಟೆಯ, ಬೆರಳ ಮುಂದೆ ಸ್ವಲ್ಪ ಜಾಗ ಇರುವ ಚಪ್ಪಲಿ ಹಾಕುತ್ತೇವೆ. ಪೀಂ ಪೀಂ ಅನ್ನೋ ಬೂಟು ತರಬೇಡಿ ಅಂತ ನೆಂಟರಿಗೆಲ್ಲ ಹೇಳಿದ್ದೆ, ಆದರೂ ಎರಡು ಜೊತೆ ಬಂದಿವೆ.

ಸದ್ಯಕ್ಕೆ ಉಳಿದಿರೋದು ಮಾಳಿಗೆ ಮೆಟ್ಟಿಲು. ಅವಳಿಗೆ ಹತ್ತೋಕೆ ಬರುತ್ತೆ, ಇಳಿಯೋಕೆ ಬರಲ್ಲ. ಹೊಟ್ಟೆ ಅಡಿ ಮಾಡಿ, ಕಾಲು ಮೊದಲು ಬಿಟ್ಟು, ಹಿಂದೆ ಹಿಂದೆ ಇಳಿಯೋದನ್ನು ಕೆಳಗಿನ ಮೂರು ಮೆಟ್ಟಿಲಲ್ಲಿ ಅವ್ವ ಅಭ್ಯಾಸ ಮಾಡಿಸುತ್ತಿದ್ದಾಳೆ. ಮೇಲೊಂದು, ಕೆಳಗೊಂದು ಸಣ್ಣ ಗೇಟ್ ಬೇಕು. ಬಡಗಿ ಅಳತೆ ತಗೊಂಡು ಹೋಗಿದ್ದಾನೆ, ನಾಳೆ ಬರ್ತೀನಿ ಅಂತ ದಿನಾ ಹೇಳುತ್ತಾನೆ. ಅಲ್ಲಿವರೆಗೆ ಸೋದರಮಾವನ ವಾಕರನ್ನೇ ಮೆಟ್ಟಿಲಿಗೆ ಅಡ್ಡ ಕಟ್ಟಿದ್ದೇವೆ.