ಶಕ್ತಿ ಚಯಾಪಚಯದ ನಕ್ಷೆಯಲ್ಲಿ ವಿಟಮಿನ್‌ಗಳನ್ನು ಗುರುತಿಸುವ ಕ್ರಮ

ಜೀವಕೋಶದ ಶಕ್ತಿ ಉತ್ಪಾದನೆಯಲ್ಲಿ ಯಾವ ವಿಟಮಿನ್ ಎಲ್ಲಿ ಬೇಕೆಂಬುದನ್ನು ಬಾಯಿಪಾಠ ಮಾಡುವ ಬದಲು, ಗ್ಲೂಕೋಸ್‌ನಿಂದ ಎಟಿಪಿಯವರೆಗಿನ (ಜೀವಕೋಶ ಬಳಸುವ ಶಕ್ತಿಯ ಅಣು) ಹಾದಿಯನ್ನು ಹಾಳೆಯಲ್ಲಿ ಬರೆದುಕೊಂಡು, ಪ್ರತಿ ಕಿಣ್ವದ ಪಕ್ಕದಲ್ಲಿ ಅದರ ಸಹಕಿಣ್ವವನ್ನೂ (ಕಿಣ್ವ ಕೆಲಸ ಮಾಡಲು ಬೇಕಾದ ಸಹಾಯಕ ಅಣು) ಅದಕ್ಕೆ ಮೂಲವಾದ ವಿಟಮಿನ್ನನ್ನೂ ಗುರುತಿಸುತ್ತ ಹೋಗಿ.

ಹೆಚ್ಚು ಸಮಯವನ್ನು, ಗ್ಲೂಕೋಸ್ ಒಡೆದಾಗ ಸಿಗುವ ಪೈರುವೇಟನ್ನು ಮುಂದಿನ ಹಂತಕ್ಕೆ ಸಿದ್ಧಗೊಳಿಸುವ ಮೂರು ಕಿಣ್ವಗಳ ಗುಂಪಾದ ಪೈರುವೇಟ್ ಡಿಹೈಡ್ರೋಜಿನೇಸ್ ಸಂಕೀರ್ಣಕ್ಕೆ ಮೀಸಲಿಡಬೇಕು. ಇದರ ಮೊದಲ ಕಿಣ್ವವು ಬಿ1ರಿಂದ ಬರುವ ಥಯಾಮಿನ್ ಪೈರೋಫಾಸ್ಫೇಟ್‌ನ ನೆರವಿನಿಂದ ಪೈರುವೇಟ್‌ನಲ್ಲಿರುವ ಒಂದು ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಆಗಿ ಹೊರಹಾಕುತ್ತದೆ. ಎರಡನೆಯದು ಉಳಿದ ತುಣುಕನ್ನು ಲಿಪೋಯಿಕ್ ಆಮ್ಲದ ಮೂಲಕ, ಬಿ5 ಅಡಗಿರುವ ಕೋಎಂಜೈಮ್-ಎಗೆ ದಾಟಿಸುತ್ತದೆ. ಮೂರನೆಯದು ಬಿ2ರ ಎಫ್‌ಎಡಿ ಮತ್ತು ಬಿ3ರ ಎನ್‌ಎಡಿ ಎಂಬ ಸಹಕಿಣ್ವಗಳನ್ನು ಬಳಸಿ ಲಿಪೋಯಿಕ್ ಆಮ್ಲವನ್ನು ಮುಂದಿನ ಸುತ್ತಿಗೆ ಸಜ್ಜುಗೊಳಿಸುತ್ತದೆ. (ಲಿಪೋಯಿಕ್ ಆಮ್ಲವನ್ನು ದೇಹವೇ ತಯಾರಿಸುವುದರಿಂದ ಅದನ್ನು ವಿಟಮಿನ್‌ಗಳ ಸಾಲಿಗೆ ಸೇರಿಸಬೇಡಿ.) ಆ ತುಣುಕಿನಿಂದ ಶಕ್ತಿ ಹೊರತೆಗೆಯುವ ಮುಂದಿನ ಹಂತವಾದ ಸಿಟ್ರಿಕ್ ಆಮ್ಲ ಚಕ್ರದ ಆಲ್ಫಾ-ಕೀಟೋಗ್ಲುಟರೇಟ್ ಡಿಹೈಡ್ರೋಜಿನೇಸ್‌ಗೂ ಇದೇ ಐದು ಸಹಾಯಕಗಳು ಬೇಕು.

ಪೈರುವೇಟ್ ಕಾರ್ಬಾಕ್ಸಿಲೇಸ್ ಬಳಿ ಬಯೋಟಿನ್ (ಬಿ7), ಸಕ್ಸಿನೇಟ್ ಡಿಹೈಡ್ರೋಜಿನೇಸ್ ಬಳಿ ಎಫ್‌ಎಡಿ, ಮೀಥೈಲ್‌ಮೆಲೋನಿಲ್-ಕೋಎ ಮ್ಯೂಟೇಸ್ ಬಳಿ ಬಿ12 ಎಂದು ಬರೆದರೆ ಸಾಕು.

ಈಗ ಒಂದೊಂದೇ ವಿಟಮಿನ್ನನ್ನು ಅಳಿಸಿ, ಯಾವ ವಸ್ತು ಎಲ್ಲಿ ಶೇಖರಗೊಳ್ಳುತ್ತದೆ ಎಂದು ನೋಡಿ. ನಕ್ಷೆಯ ನಿಜವಾದ ಉಪಯೋಗ ಇಲ್ಲಿಯೇ ಇದೆ. ಥಯಾಮಿನ್ ಅಳಿಸಿದರೆ ಪೈರುವೇಟ್ ಮುಂದೆ ಸಾಗಲಾರದೆ ಲ್ಯಾಕ್ಟೇಟ್ ಆಗುತ್ತದೆ. ಆದ್ದರಿಂದಲೇ ತೀವ್ರ ಥಯಾಮಿನ್ ಕೊರತೆಯಿರುವವರಿಗೆ ಗ್ಲೂಕೋಸ್ ಒಂದನ್ನೇ ಕೊಡುವುದು ಅಪಾಯಕಾರಿ. ಈ ಕೊರತೆಯನ್ನು ಪ್ರಯೋಗಾಲಯದಲ್ಲಿ ಅಳೆಯಲು ಅದೇ ಸಹಕಿಣ್ವವನ್ನು ಅವಲಂಬಿಸಿರುವ, ಕೆಂಪು ರಕ್ತಕಣಗಳ ಟ್ರಾನ್ಸ್‌ಕೀಟೊಲೇಸ್ ಬಳಸಬಹುದು: ನಳಿಕೆಗೆ ಥಯಾಮಿನ್ ಪೈರೋಫಾಸ್ಫೇಟ್ ಸೇರಿಸಿದಾಗ ಅದರ ಚಟುವಟಿಕೆ ಗಮನಾರ್ಹವಾಗಿ ಏರಿದರೆ, ಕಿಣ್ವವಿದ್ದರೂ ಸಹಕಿಣ್ವ ಸಾಲದಾಗಿತ್ತು ಎಂದರ್ಥ.